ಹೊಳಪಿನ ಯಂತ್ರ

ವಸ್ತುವಿಗೆ ಹೊಳಪು ಬರುವುದು ಅದರ ಮೇಲೆ ಏನನ್ನಾದರೂ ಬಳಿಯುವುದರಿಂದ ಎಂದು ಲೋಕವು ಸಾಮಾನ್ಯವಾಗಿ ಭಾವಿಸುತ್ತದೆ. ಮೋಟಾರು ಬಂಡಿಯ ವಿಷಯದಲ್ಲಿ ಸತ್ಯವು ಇದಕ್ಕೆ ವಿರುದ್ಧವಾದುದು. ಧೂಳು ಹಿಡಿದ ಬಟ್ಟೆಯಿಂದ ಒರಸಿದಾಗ ಮರಳಿನ ಕಣಗಳು ಮೈಮೇಲೆ ಸೂಕ್ಷ್ಮವಾದ ಗೀರುಗಳನ್ನೆಳೆಯುತ್ತವೆ. ಬಿಸಿಲಿನಲ್ಲಿ ಅವು ಜೇಡರ ಬಲೆಯಂತೆ ತೋರುವುವು. ಯಂತ್ರದಿಂದ ಪಾಲಿಷ್ ಮಾಡುವುದೆಂದರೆ ಆ ಗೀರುಗಳ ಸುತ್ತಲಿನ ಪದರವನ್ನು ಸವೆಯಿಸಿ ಸಮಮಾಡುವುದು. ಸಾಣೆ ಹಿಡಿದ ರತ್ನವೂ ಕಾಂತಿಯೊಡನೆ ಒಂದಿಷ್ಟು ತೂಕವನ್ನು ಕಳೆದುಕೊಳ್ಳುತ್ತದೆಯಷ್ಟೆ.

ಈಗಿನ ಬಂಡಿಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಮೆರುಗಿನ ಪದರವೊಂದಿರುತ್ತದೆ. ಅದರ ದಪ್ಪವು ಸಾಮಾನ್ಯವಾಗಿ 40–50 ಮೈಕ್ರಾನ್. ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕೆ ಮೀರದು. ಬಣ್ಣವನ್ನು ಬಿಸಿಲಿನಿಂದ ಕಾಯುವುದೂ ಅದೇ. ಅದು ತೀರ ಸವೆದರೆ ಹೊಸದಾಗಿ ಬಣ್ಣ ಹೊಡೆಯಿಸುವುದಲ್ಲದೆ ಅನ್ಯ ಮಾರ್ಗವಿಲ್ಲ.

ನಮ್ಮ ಮನೆಯ 12 ವರ್ಷದ ಕಪ್ಪು ಬಂಡಿಗಾಗಿ ಮಗನು ಯಂತ್ರವೊಂದನ್ನು ಕೊಳ್ಳಹೊರಟಾಗ ಈ ವಿಚಾರವೇ ಮುಖ್ಯವಾಯಿತು. ಈ ಯಂತ್ರಗಳು ಪ್ರಧಾನವಾಗಿ ಎರಡು ಬಗೆ. ರೋಟರಿ ಎಂಬುದರಲ್ಲಿ ಬಿಲ್ಲೆಯು ಒಂದೇ ಅಚ್ಚಿನ ಮೇಲೆ ಕುಂಬಾರನ ತಿಗರಿಯಂತೆ ತಿರುಗುತ್ತದೆ. ಗೀರುಗಳು ಬೇಗ ಅಳಿಯುವುವು. ಆದರೆ ಒಂದೇ ಕಡೆ ನಿಲ್ಲಿಸಿದರೆ ಶಾಖವೇರಿ, ಅಂಚುಗಳಲ್ಲಿ ಮೆರುಗು ಸುಟ್ಟುಹೋಗಬಹುದು. ಡ್ಯುಯಲ್ ಆ್ಯಕ್ಷನ್ ಎಂಬುದಕ್ಕೆ ಎರಡು ಗತಿ: ಬಿಲ್ಲೆಯು ಭೂಮಿಯಂತೆ ತನ್ನ ಸುತ್ತಲೂ ತಿರುಗುತ್ತದೆ, ಅಚ್ಚಿನ ಸುತ್ತಲೂ ಸುಳಿಯುತ್ತದೆ. ಸುಳಿಯ ವ್ಯಾಸವು 8, 15 ಅಥವಾ 21 ಮಿಲಿಮೀಟರು ಇರುವುದುಂಟು. ಬಿಲ್ಲೆಯು ಹಲ್ಲುಚಕ್ರದ ಬಲವಂತವಿಲ್ಲದೆ ತಿರುಗುವ ಬಗೆಯಲ್ಲಿ, ಕೈ ಅತಿಯಾಗಿ ಒತ್ತಿದರೆ ತಿರುಗುವುದು ತಾನಾಗಿ ನಿಲ್ಲುತ್ತದೆ.

“ಅಪ್ಪಾ, ಕಸುಬಿನವರು ರೋಟರಿಯನ್ನೇ ಹಿಡಿಯುತ್ತಾರಲ್ಲ, ನಾವೇಕೆ ನಿಧಾನವಾದುದನ್ನು ಕೊಳ್ಳಬೇಕು?” ಎಂದು ಮಗನು ಕೇಳಿದ.

“ಅವರ ಕೈ ನೂರಾರು ಬಂಡಿಗಳ ಮೇಲೆ ಪಳಗಿದೆಯಪ್ಪ; ನಮಗಿರುವುದು ಒಂದೇ” ಎಂದೆ.

ಅಂಗಡಿಯಲ್ಲಿ ಜನರು ಮೊದಲು ಕೇಳುವುದು ಯಂತ್ರದ ಬಲವನ್ನು. ಮನೆಯ ಕೆಲಸಕ್ಕೆ ವೇಗವನ್ನು ಹೆಚ್ಚುಕಡಿಮೆ ಮಾಡುವ ಅನುಕೂಲ, ಗಂಟೆಗಟ್ಟಲೆ ಹಿಡಿಯಬಲ್ಲ ಭಾರ, ಕೈಯನ್ನು ಜೋಮು ಹಿಡಿಸದ ಮಿತವಾದ ಅದುರು, ಇವು ಹೆಚ್ಚಿನ ಗುಣಗಳು. ನಾವು ಆರಿಸಿದ್ದು 15 ಮಿಲಿಮೀಟರು ಸುಳಿಯ, 5 ಅಂಗುಲದ ಬಿಲ್ಲೆಯ ಎರಡು ಗತಿಯ ಯಂತ್ರವನ್ನು. ಅಂಚುಗಳಿಗೆ ಕಾಗದದ ಟೇಪು ಅಂಟಿಸಿ, ಮೃದುವಾದ ಸ್ಪಂಜು, ನಯವಾದ ಪಾಲಿಷುಗಳಿಂದ ಗೇಣಗಲದ ಸ್ಥಳದಲ್ಲಿ ಮೊದಲು ಪರೀಕ್ಷಿಸಿದೆವು. ಅದು ಸಾಲದಿದ್ದರೆ ಮಾತ್ರ ಒರಟಾದುದು.

ಬರೆದುದನ್ನು ಅಳಿಸುವ ಭರದಲ್ಲಿ ಕಾಗದಕ್ಕೇ ತೂತು ಮಾಡುವ ಹುಡುಗರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಉಗುರಿಗೆ ತಗಲುವಷ್ಟು ಆಳವಾದ ಗೀರನ್ನು ಪೂರ್ಣವಾಗಿ ಅಳಿಸಹೊರಡುವುದೂ ಅಂತಹದೇ. ನಮ್ಮ ಬಂಡಿಯ ಬಾಗಿಲಿನಲ್ಲಿ ಅಂತಹವು ಎರಡು ಇವೆ. ಸುತ್ತಲಿನ ಕಪ್ಪು ಕನ್ನಡಿಯಂತಾಗಿದೆ. ಅವೆರಡನ್ನೂ ಹಾಗೆಯೇ ಬಿಟ್ಟಿದ್ದೇವೆ.