ವೋಲ್ವೊದಲ್ಲಿ ಮಾತ್ರ ಬರಬೇಡ

ಆ ದೀಪಾವಳಿಗೆ ಅಕ್ಕ ಬೆಂಗಳೂರಿನ ಮಗನಿಗೆ ಮಾಡಿದ ಫೋನಿನಲ್ಲಿ ಹೋಳಿಗೆಯ ಸುದ್ದಿ ಇರಲಿಲ್ಲ, ಪಟಾಕಿಯ ಸುದ್ದಿಯೂ ಇರಲಿಲ್ಲ. "ಹೇಗೆ ಬೇಕಾದರೂ ಬಾ, ವೋಲ್ವೊದಲ್ಲಿ ಮಾತ್ರ ಬರಬೇಡ" ಎಂದಳು. ಅಷ್ಟೇ. 2013ರ ಮಾತು ಇದು. ಅಕ್ಟೋಬರ್ 30ರ ಬುಧವಾರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಖಾಸಗಿ ವೋಲ್ವೊ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಎಂಬಲ್ಲಿ ರಸ್ತೆಬದಿಯ ಮೋರಿಗೆ ಬಡಿದು, ಡೀಸೆಲ್ ಟ್ಯಾಂಕ್ ಒಡೆದು, ನೋಡನೋಡುತ್ತ ಹೊತ್ತಿಕೊಂಡಿತ್ತು. ಸತ್ತವರು 45 ಮಂದಿ. ಹಬ್ಬಕ್ಕೆಂದು ಊರಿಗೆ ಹೊರಟವರೇ ಹೆಚ್ಚು. ಎರಡು ದಿನ ಟಿವಿಯಲ್ಲಿ ಆ ಬಸ್ಸಿನ ಅಸ್ಥಿಪಂಜರವೊಂದೇ. ಅಕ್ಕನ ಊರು ಬೆಳ್ಳಾರೆಯ ಪೇಟೆಯ ಹೋಟೆಲಿನಲ್ಲೂ ಅದೇ ಮಾತು, ಅಡಿಕೆ ಅಂಗಡಿಯ ಜಗಲಿಯಲ್ಲೂ ಅದೇ.

ನಮ್ಮ ಕಡೆಯವರಿಗೆ ವೋಲ್ವೊ ಎಂದರೆ ಬಸ್ಸು. ಅದೊಂದು ಕಾರಿನ ಹೆಸರೂ ಹೌದು ಎಂದು ಗೊತ್ತಿದ್ದವರನ್ನು ಆಗ ಬೆರಳಲ್ಲಿ ಎಣಿಸಬಹುದಿತ್ತು. ಹೊಸಕೋಟೆಯಲ್ಲಿ ವೋಲ್ವೊದವರು 1998ರಲ್ಲಿ ಲಾರಿ ಮಾಡಲು ಶುರು ಮಾಡಿದರು, 2001ರಲ್ಲಿ ಬಸ್ಸು ಇಳಿಸಿದರು. ಅಲ್ಲಿಯವರೆಗೆ ನಮ್ಮ ರಾತ್ರಿ ಬಸ್ಸುಗಳೆಂದರೆ ಲಾರಿಯ ಚಾಸಿಯ ಮೇಲೆ ಕಟ್ಟಿದ ಪೆಟ್ಟಿಗೆಗಳು. ಎಂಜಿನ್ ಡ್ರೈವರನ ಪಕ್ಕದಲ್ಲೇ ಬೊಬ್ಬೆ ಹೊಡೆಯುತ್ತಿತ್ತು, ಕಿಟಕಿ ಗಾಜುಗಳು ಶಿರಾಡಿ ಘಾಟಿ ಮುಗಿಯುವವರೆಗೂ ಗಡಗಡ ಅನ್ನುತ್ತಿದ್ದವು. ಮಕ್ಕಳಿದ್ದವರ ಕೈಯಲ್ಲಿ ಲಿಂಬೆಹಣ್ಣು ಇಲ್ಲವೇ ಪ್ಲಾಸ್ಟಿಕ್ ತೊಟ್ಟೆ. ಅಂಥ ಕಾಲಕ್ಕೆ ಎಂಜಿನ್ನನ್ನು ಹಿಂದಕ್ಕೆ ತಳ್ಳಿದ, ಗಾಳಿಯ ಸಸ್ಪೆನ್ಶನ್ನಿನ, ಹೊದಿಕೆ ಕೊಡುವ ಬಸ್ಸು ಬಂತು. ಕೆಎಸ್ಸಾರ್ಟಿಸಿಯವರು ಅದಕ್ಕೆ ಐರಾವತ ಎಂದು ಹೆಸರಿಟ್ಟರು. ಜನ ಆ ಹೆಸರನ್ನು ಟಿಕೆಟಿನಲ್ಲಿ ಓದಿದರು, ಬಾಯಲ್ಲಿ ವೋಲ್ವೊ ಎಂದೇ ಹೇಳಿದರು. ಮಗನಿಗೆ ಬೆಂಗಳೂರಲ್ಲಿ ಕೆಲಸ, ವೋಲ್ವೊದಲ್ಲಿ ಓಡಾಟ ಎನ್ನುವುದು ಸಂಬಂಧ ಕುದುರಿಸುವಾಗ ಹೇಳುವಂಥ ಮಾತಾಯಿತು.

ನಾನು ಪುತ್ತೂರಿನಲ್ಲಿದ್ದುಕೊಂಡು ವಾಹನ ವಿಮೆಯ ಸರ್ವೆ ಮಾಡುತ್ತಿದ್ದವ. ಗುದ್ದಿದ ಕಾರು, ಮಗುಚಿದ ಜೀಪು, ಚಪ್ಪಟೆಯಾದ ರಿಕ್ಷಾ ನೋಡಿ ಬರೆದು ಕೊಡುವುದು ಕಸುಬು. ಹಾಗಾಗಿ ಹಬ್ಬಕ್ಕೆ ಅಕ್ಕನ ಮನೆಗೆ ಹೋದವನ ಮೇಲೆ ಪ್ರಶ್ನೆಯ ಮಳೆ. ನವೆಂಬರ್ 1 ಶುಕ್ರವಾರ, ರಾಜ್ಯೋತ್ಸವ. ಮರುದಿನ ನರಕಚತುರ್ದಶಿ. ಹುಡುಗ ಆ ರಾತ್ರಿ ಹೊರಟು ಎಣ್ಣೆಸ್ನಾನದ ಹೊತ್ತಿಗೆ ತಲುಪುವುದೆಂದು ಏರ್ಪಾಡು. ಮೂರು ಗಂಟೆಗೇ ಎದ್ದ ಭಾವ ಬಚ್ಚಲ ಹಂಡೆಗೆ ಬೆಂಕಿ ಹಾಕಿದ್ದ. ಸಂಜೆಯೇ ನೀರು ತುಂಬಿ, ಸುಣ್ಣದ ಗೀಟು ಎಳೆದು, ಕೊರಳಿಗೆ ಬಳ್ಳಿ ಸುತ್ತಿ ಇಟ್ಟ ಹಂಡೆ. ಒಲೆಗೆ ಕೊತ್ತಳಿಂಗೆ, ಅಡಿಕೆ ಸಿಪ್ಪೆ. ಹೊರಗೆ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಒಳಗೆ ನಾವು ಮೂವರು ಮಣೆ ಹಾಕಿಕೊಂಡು ಬೆಂಕಿಯ ಎದುರು.

"ಅದು ಸೇಫ್ ಅಂತ ಅಲ್ವಾ ಲೋಕವೇ ಹೇಳುವುದು? ಮತ್ತೆ ಹೀಗೆ ಎಂತಕ್ಕೆ ಆಯ್ತು?" ಅಕ್ಕನ ಪ್ರಶ್ನೆ ಇದು.

ಭಾವ ಹಿಂದೆ ಬೆಳ್ಳಾರೆ–ಸುಳ್ಯ ನಡುವೆ ಸರ್ವಿಸ್ ಜೀಪು ಓಡಿಸಿದವ. ಐವರ್ನಾಡಿನ ಏರಿನಲ್ಲಿ ಒಳಗೆ ಹದಿನೈದು, ಹೊರಗೆ ನೇತುಕೊಂಡು ಐದು. ಅವನ ಪ್ರಕಾರ ಸೇಫ್ಟಿ ಎಂದರೆ ಡ್ರೈವರನ ಕೈ, ಮಿಕ್ಕಿದ್ದೆಲ್ಲ ಕಂಪನಿಯವರ ಬಡಾಯಿ. ನನಗೆ ಹಾಗೆ ಅನ್ನಿಸಿರಲಿಲ್ಲ. ಹೇಳಲು ಕೂತೆ.

ಸ್ವೀಡನ್ನಿನ ಗೋಥೆನ್‌ಬರ್ಗ್ ಎಂಬ ಬಂದರು ಊರು. ಅಲ್ಲಿ ಅಸ್ಸಾರ್ ಗೇಬ್ರಿಯಲ್ಸನ್, ಗುಸ್ಟಾಫ್ ಲಾರ್ಸನ್ ಎಂಬಿಬ್ಬರು. ಒಬ್ಬ ಲೆಕ್ಕ ಬಲ್ಲವ, ಇನ್ನೊಬ್ಬ ಎಂಜಿನಿಯರ್. ಬೇರಿಂಗ್ ಮಾಡುವ ಎಸ್‌ಕೆಎಫ್ ಕಂಪನಿಯ ಹಣದ ಬಲದಲ್ಲಿ 1927ರ ಏಪ್ರಿಲ್ 14ರಂದು ಮೊದಲ ಕಾರು ಹೊರಗೆ ಬಂತು. ಅಲ್ಲಿಯ ಚಳಿಗೆ, ಅಲ್ಲಿಯ ಹಾಳು ರಸ್ತೆಗೆ ತಡೆಯುವ ಕಾರು ಬೇಕೆನ್ನುವುದೇ ಅವರ ಹಟ. ಆದರೆ ಹೆಸರು ಬಂದದ್ದು ಮೂವತ್ತು ವರ್ಷದ ಮೇಲೆ, ಒಂದು ಪಟ್ಟಿಯಿಂದ. ಗುನ್ನಾರ್ ಎಂಗೆಲ್ಲಾವ್ ಎಂಬಾತ ಕಂಪನಿಯ ಮುಖ್ಯಸ್ಥನಾಗಿದ್ದಾಗ, 1958ರಲ್ಲಿ ನಿಲ್ಸ್ ಬೋಲಿನ್ ಎಂಬ ಎಂಜಿನಿಯರನನ್ನು ಕರೆಸಿಕೊಂಡ. ಈ ಬೋಲಿನ್ ಅದುವರೆಗೆ ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್ಟನ್ನು ಸೀಟು ಸಮೇತ ಹೊರಗೆ ಎಸೆಯುವ ಯಂತ್ರ ಮಾಡುತ್ತಿದ್ದವ. ಎಸೆಯುವ ಕೆಲಸ ಬಿಟ್ಟು ಹಿಡಿದಿಡುವ ಕೆಲಸಕ್ಕೆ ಬಂದ ಎನ್ನಿ. ಪೈಲಟ್ ಆದರೆ ಏನು ಬಿಗಿದರೂ ತಾಳಿಕೊಳ್ಳುತ್ತಾನೆ, ಕಾರಿನವನಿಗೆ ಒಂದು ನಿಮಿಷದ ಕಿರಿಕಿರಿಯೂ ಬೇಡ ಎನ್ನುವುದು ಅವನಿಗೆ ಗೊತ್ತಿತ್ತು. ಆಗ ಇದ್ದ ಬೆಲ್ಟುಗಳು ಹೊಟ್ಟೆಯ ಮೇಲೆ ಅಡ್ಡ ಬರುತ್ತಿದ್ದವು. ಅಪಘಾತದಲ್ಲಿ ಅವೇ ಕರುಳಿಗೆ ಪೆಟ್ಟು ಕೊಡುತ್ತಿದ್ದವು. ಬೋಲಿನ್ ಮಾಡಿದ್ದು ಇಷ್ಟೇ: ಒಂದು ಪಟ್ಟಿ ಭುಜದಿಂದ ಎದೆಯ ಮೇಲೆ ಓರೆಯಾಗಿ, ಇನ್ನೊಂದು ಸೊಂಟದ ಎಲುಬಿನ ಮೇಲೆ, ಎರಡೂ ಪಕ್ಕದಲ್ಲಿ ಕೆಳಗೆ ಕೂಡುವುದು. ಒಂದೇ ಕೈಯಲ್ಲಿ ಸಿಕ್ಕಿಸಬಹುದು. 1959ರಲ್ಲಿ ವೋಲ್ವೊ ಕಾರುಗಳಲ್ಲಿ ಅದು ಬಂತು. ಪೇಟೆಂಟ್ ಇತ್ತು, ಆದರೆ ಯಾರು ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟುಕೊಟ್ಟರು.

"ಬಿಟ್ಟುಕೊಟ್ಟರಾ? ಪುಕ್ಕಟೆ?" ಭಾವನಿಗೆ ಅದು ನಂಬಿಕೆಯಾಗಲಿಲ್ಲ. "ಏನೋ ಲಾಭ ಇರಬೇಕು ಮಾರಾಯ."

ಇತ್ತಲ್ಲ. ಹೆಸರೇ ಲಾಭ. ಮುಂದೆ 1970ರಲ್ಲಿ ತಮ್ಮ ಕಾರು ಗುದ್ದಿದಲ್ಲಿಗೆ ಹೋಗಿ ಅಳೆದು ಬರೆಯುವ ತಂಡವೊಂದನ್ನು ಕಟ್ಟಿದರು. ನನ್ನದೇ ಕೆಲಸ, ಆದರೆ ನಾನು ಬರೆಯುತ್ತಿದ್ದದ್ದು ಎಷ್ಟು ದುಡ್ಡು ಕೊಡಬೇಕೆಂದು; ಅವರು ಬರೆಯುತ್ತಿದ್ದದ್ದು ಮನುಷ್ಯನಿಗೆ ಯಾವ ಜಾಗದಲ್ಲಿ ಏನು ತಾಗಿತೆಂದು. ಆ ಕಾಗದಗಳಿಂದಲೇ ಪಕ್ಕದಿಂದ ಬರುವ ಪೆಟ್ಟಿಗೆ ತಡೆ, ಕುತ್ತಿಗೆ ಉಳಿಸುವ ಸೀಟು ಎಲ್ಲ ಬಂದವು. ಅವರ ದೊಡ್ಡತನ ಇರುವುದು ಕಬ್ಬಿಣದ ದಪ್ಪದಲ್ಲಲ್ಲ, ಆ ಬರೆದಿಡುವ ಚಟದಲ್ಲಿ ಎಂದು ನನಗೆ ಆಗಲೂ ಅನ್ನಿಸಿದ್ದು, ಈಗಲೂ ಅನ್ನಿಸುವುದು.

ಬೆಲ್ಟಿನ ಮಾತು ಬಂತೆಂದು ನಾನು ಗ್ಯಾರೇಜಿನಲ್ಲಿ ಕಂಡದ್ದನ್ನೂ ಹೇಳಿದೆ. ಗುದ್ದಿದ ಕಾರು ಬಂದರೆ ಬೆಲ್ಟ್ ಹಾಕಿದ್ದರೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬಾಗಿಲ ಕಂಬದ ಮೇಲ್ಗಡೆ ಬೆಲ್ಟು ಹಾದು ಬರುವ ಬಳೆ ಇದೆಯಲ್ಲ, ಅದರ ಪ್ಲಾಸ್ಟಿಕ್ಕನ್ನು ನೋಡಬೇಕು. ಮೈಭಾರ ಒಮ್ಮೆಲೇ ಎಳೆದಿದ್ದರೆ ಅಲ್ಲಿ ಉಜ್ಜಿ ಕರಗಿದ ಗೆರೆ ಇರುತ್ತದೆ, ಪಟ್ಟಿಯ ಮೇಲೂ ಅದರ ಗುರುತು ಹತ್ತಿರುತ್ತದೆ. ಹಾಕದಿದ್ದರೆ ಬೆಲ್ಟು ಶೋರೂಮಿನಿಂದ ಬಂದ ಹಾಗೇ ನುಣ್ಣಗೆ. ಗುರುತು ಇರುವುದು ಮುಂಗಾಜಿನಲ್ಲಿ, ಹಣೆಯ ಎತ್ತರಕ್ಕೆ, ಜೇಡರ ಬಲೆಯ ಹಾಗೆ ಸುತ್ತ ಒಡೆದು. ಒಮ್ಮೊಮ್ಮೆ ಆ ಒಡಕಿನ ನಡುವೆ ಕೂದಲೂ ಸಿಕ್ಕಿಕೊಂಡಿರುತ್ತಿತ್ತು.

"ಹಬ್ಬದ ದಿನ ಎಂತ ಮಾತು ಇದು" ಎಂದು ಅಕ್ಕ ಗದರಿದಳು. ನಾನು ಸುಮ್ಮನಾದೆ.

ಐದು ಗಂಟೆಗೆ ಅಂಗಳದಲ್ಲಿ ಬೆಳಕು ಬಿತ್ತು. ಹುಡುಗ ಅಮ್ಮನ ಮಾತು ನಡೆಸಿದ್ದ. ವೋಲ್ವೊ ಟಿಕೆಟ್ ಕ್ಯಾನ್ಸಲ್ ಮಾಡಿ ಗೆಳೆಯನ ಹಳೆಯ ಕಾರಿನಲ್ಲಿ ಬಂದಿದ್ದ. ಐದು ಜನರ ಕಾರಿನಲ್ಲಿ ಏಳು ಜನ, ಮೈಸೂರು, ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಸುಳ್ಯದ ಮೇಲೆ. ಓಡಿಸಿದವನಿಗೆ ಹಗಲೆಲ್ಲ ಆಫೀಸು, ರಾತ್ರಿಯೆಲ್ಲ ಸ್ಟೇರಿಂಗು. ಮಂಜು ಎಷ್ಟಿತ್ತೆಂದರೆ ಮಡಿಕೇರಿಯಿಂದ ಈಚೆ ಒಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ ದಾರಿ ಹೇಳಿದನಂತೆ. ಅದನ್ನು ಅವರು ನಗುತ್ತ ಹೇಳಿದರು. ಟಾರ್ಚು ಹಾಕಿ ಒಳಗೆ ನೋಡಿದೆ. ಹಿಂದಿನ ಬೆಲ್ಟಿನ ಕೊಂಡಿಗಳೆಲ್ಲ ಸೀಟು ಕವರಿನ ಅಡಿ ಹೂತು ಹೋಗಿದ್ದವು. ಅಕ್ಕ ಮಾತ್ರ ಮಗನ ತಲೆಗೆ ಎಣ್ಣೆ ತಟ್ಟುತ್ತ, "ದೇವರು ದೊಡ್ಡವ, ವೋಲ್ವೊದಲ್ಲಿ ಬರಲಿಲ್ಲ" ಎಂದಳು. ಏಳು ಜನರಿಗೂ ಆ ದಿನ ಅಲ್ಲೇ ಸ್ನಾನ, ಅಲ್ಲೇ ದೋಸೆ.

ಹಬ್ಬ ಮುಗಿದು ಹತ್ತು ದಿನವಾಗಿಲ್ಲ. ನವೆಂಬರ್ 14ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಕುಣಿಮೆಳ್ಳಿಹಳ್ಳಿ ಹತ್ತಿರ, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಇನ್ನೊಂದು ಖಾಸಗಿ ವೋಲ್ವೊ ಮೋರಿಗೆ ಬಡಿದು ಸುಟ್ಟುಹೋಯಿತು. 7 ಸಾವು. ಪಾಲೆಂ ಆದರೂ ಆಗಿನ ಆಂಧ್ರದಲ್ಲಿ, ಇದು ನಮ್ಮದೇ ರಾಜ್ಯದಲ್ಲಿ. ಅಕ್ಕ ಫೋನಿನಲ್ಲಿ "ನಾನು ಹೇಳಲಿಲ್ವಾ?" ಎಂದಳು. ಆಮೇಲೆ ಬಸ್ಸುಗಳಲ್ಲಿ ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ, ತುರ್ತು ಬಾಗಿಲು ಯಾವುದು ಎಂದು ಜನ ಹುಡುಕಿ ನೋಡುವ ಕಾಲ ಬಂತು. ಎರಡೂ ಕಡೆ ಮೊದಲು ಆದದ್ದು ವೇಗದಲ್ಲಿ ಬಂದು ಬಡಿದದ್ದು. ಆದರೆ ಬಡಿದ ಮೇಲೆ ಅಷ್ಟು ಬೇಗ ಉರಿಯುವ, ಕಿಟಕಿ ತೆರೆಯಲಾಗದ ಪೆಟ್ಟಿಗೆಯಲ್ಲಿ ನಿದ್ದೆಹೋದ ಜನ ಇದ್ದದ್ದೂ ಸುಳ್ಳಲ್ಲ. ತಪ್ಪೆಲ್ಲ ಡ್ರೈವರನದು ಎಂದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ.

ಇನ್ನೊಂದು ಸಂಗತಿ ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಬಸ್ಸು, ಲಾರಿ ಮಾಡುವ ವೋಲ್ವೊ ಬೇರೆ, ಕಾರು ಮಾಡುವ ವೋಲ್ವೊ ಬೇರೆ. 1999ರಲ್ಲೇ ಕಾರಿನ ಭಾಗವನ್ನು ಅಮೆರಿಕದ ಫೋರ್ಡಿಗೆ ಮಾರಿಬಿಟ್ಟಿದ್ದರು. 2010ರಲ್ಲಿ ಅದು ಚೀನಾದ ಜೀಲಿ ಕೈಗೆ ಹೋಯಿತು. ಪಾಲು ಪಟ್ಟಿಯಾದ ಮೇಲೂ ಮನೆಹೆಸರು ಇಬ್ಬರಿಗೂ ಉಳಿಯಿತು. ಹೀಗೆ ಕಾರು ಗಳಿಸಿದ ಕೀರ್ತಿಯಲ್ಲಿ ನಮ್ಮೂರಿನವರು ಬಸ್ಸು ಹತ್ತಿದರು, ಬಸ್ಸಿನ ಬೆಂಕಿಗೆ ಕಾರಿನ ಹೆಸರೂ ಸುಟ್ಟಿತು.

ಆ ಹೆಸರಿಗೆ ಇನ್ನೊಂದು ಹಳೆಯ ಕಲೆಯೂ ಇದೆ. 1990ರಲ್ಲಿ ಅಮೆರಿಕದಲ್ಲಿ ಅವರದೊಂದು ಜಾಹೀರಾತು ಬಂತು. ಸಾಲಾಗಿ ನಿಲ್ಲಿಸಿದ ಕಾರುಗಳ ಮೇಲೆ ರಾಕ್ಷಸ ಚಕ್ರದ ಟ್ರಕ್ಕೊಂದು ಹತ್ತಿ ಹೋಗುತ್ತದೆ. ಉಳಿದವೆಲ್ಲ ಅಪ್ಪಚ್ಚಿ, ವೋಲ್ವೊ ಒಂದು ನೆಟ್ಟಗೆ ನಿಂತಿದೆ. ಆಮೇಲೆ ನೋಡಿದರೆ ವೋಲ್ವೊದ ಮಾಡಿಗೆ ಒಳಗಿನಿಂದ ಊರುಗೋಲು ಕೊಟ್ಟಿದ್ದರು, ಉಳಿದ ಕಾರುಗಳ ಕಂಬಗಳನ್ನು ಮೊದಲೇ ಕತ್ತರಿಸಿದ್ದರು. ಟೆಕ್ಸಾಸ್ ರಾಜ್ಯದ ಅಟಾರ್ನಿ ಜನರಲ್ ಹಿಡಿದು ಕೇಳಿದ ಮೇಲೆ ಜಾಹೀರಾತು ಹಿಂದಕ್ಕೆ ಹೋಯಿತು, ಕಂಪನಿ ದಂಡ ತೆತ್ತಿತು, ಜಾಹೀರಾತು ಏಜೆನ್ಸಿ ಕೆಲಸ ಬಿಟ್ಟಿತು. ನಿಜವಾದ ಕೆಲಸ ಮಾಡಿ ಹೆಸರು ತೆಗೆದವರಿಗೆ ಈ ಕಳ್ಳಾಟ ಯಾಕೆ ಬೇಕಿತ್ತೋ.

ಅದು ನನಗೆ ನೆನಪಾದದ್ದು 2024ರ ಡಿಸೆಂಬರ್ 21ರಂದು. ಶನಿವಾರ. ನೆಲಮಂಗಲದ ಆಚೆ ತುಮಕೂರು ರಸ್ತೆಯಲ್ಲಿ ಸರಕು ತುಂಬಿದ ಕಂಟೇನರ್ ಲಾರಿ ಡಿವೈಡರ್ ದಾಟಿ ಬಂದು, ಎದುರಿನಿಂದ ಬರುತ್ತಿದ್ದ ವೋಲ್ವೊ ಕಾರಿನ ಮೇಲೆಯೇ ಮಗುಚಿಬಿತ್ತು. ಒಂದೇ ಕುಟುಂಬದ 6 ಮಂದಿ, ಮಕ್ಕಳೂ ಸೇರಿ, ಅಲ್ಲೇ ಹೋದರು. ಕೋಟಿಯ ಆಸುಪಾಸಿನ ಕಾರು. ಇಷ್ಟು ಸೇಫ್ ಕಾರೇ ಹೀಗಾದರೆ ಎಂದು ಊರೆಲ್ಲ ಚರ್ಚೆ. ಎದುರಿನಿಂದ ಗುದ್ದಿದರೆ ತಡೆಯುವ ಹಾಗೆ ಕಾರು ಕಟ್ಟಬಹುದು, ಪಕ್ಕದಿಂದ ಗುದ್ದಿದರೂ ಒಂದು ಮಟ್ಟಕ್ಕೆ ತಡೆಯಬಹುದು. ಹತ್ತಾರು ಟನ್ನು ಮೇಲಿಂದ ಬಿದ್ದರೆ ಯಾವ ದೇಶದ ಯಾವ ಕಾರೂ ತಡೆಯದು. ತಡೆಯುತ್ತದೆ ಎಂದು ತೋರಿಸಬೇಕಾದರೆ ಟೆಕ್ಸಾಸಿನಲ್ಲಿ ಮಾಡಿದ ಹಾಗೆ ಊರುಗೋಲು ಕೊಡಬೇಕು. ಅಲ್ಲಿ ವಿಚಾರಿಸಬೇಕಾಗಿದ್ದದ್ದು ಲಾರಿಯನ್ನು, ಡಿವೈಡರನ್ನು. ಚರ್ಚೆ ನಡೆದದ್ದೆಲ್ಲ ಕಾರಿನದು.

ಅಕ್ಕನ ಮಗ ಮರುದಿನ ಸಂಸಾರ ಸಮೇತ ಊರಿಗೆ ಹೊರಡುವವನಿದ್ದ. ಹಾಸನದ ದಾರಿಗೆ ನೆಲಮಂಗಲದಲ್ಲೇ ಎಡಕ್ಕೆ ತಿರುಗಬೇಕು. ಅಕ್ಕನಿಗೆ ಆ ಹೆಸರು ಕೇಳಿದ್ದೇ ಸಾಕಾಯಿತು, ಈ ಸಲ "ಕಾರಲ್ಲಿ ಬರಬೇಡ, ಬಸ್ಸಲ್ಲಿ ಬಾ" ಎಂದು ಶುರು. ಅವನು ಕೇಳಲಿಲ್ಲ. ಸಾಧಾರಣ ಬೆಲೆಯ ಚಿಕ್ಕ ಕಾರು ಅವನದು, ಹಗಲು ಹೊತ್ತಿನಲ್ಲೇ ಶಿರಾಡಿ ಇಳಿದು ಬಂದ. ಒಂದು ವಾರ ಇದ್ದು, ಹೋಗುವ ದಿನ ಪುತ್ತೂರಿನವರೆಗೆ ನಮ್ಮನ್ನೂ ಹತ್ತಿಸಿಕೊಂಡ. ಮುಂದೆ ಅವನೂ ಭಾವನೂ, ಹಿಂದೆ ಅಕ್ಕ, ನಾನು, ನಡುವೆ ಮಗುವಿನ ಸೀಟು. ಸೊಸೆ ತವರಿನಿಂದ ಪುತ್ತೂರಲ್ಲಿ ಸೇರುವವಳು.

"ಇದನ್ನು ಎಂತಕ್ಕೆ ಹಿಮ್ಮುಖ ಕೂರಿಸಿದ್ದು? ಮಗುವಿಗೆ ದಾರಿ ಕಾಣುವುದು ಬೇಡವಾ?" ಅಕ್ಕ ಕೇಳಿದಳು.

ನಾನು ಬಾಯಿ ತೆರೆದೆ. ಇದೂ ಸ್ವೀಡನ್ನಿನವರದೇ, ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರೊಫೆಸರ್ 1960ರ ದಶಕದಲ್ಲಿ, ಗಗನಯಾತ್ರಿಗಳು ಬೆನ್ನು ಕೊಟ್ಟು ಮಲಗುವುದನ್ನು ನೋಡಿ ಹೊಳೆಸಿಕೊಂಡದ್ದು. ಎಳೆ ಮಗುವಿನ ತಲೆ ಭಾರ, ಕುತ್ತಿಗೆ ಮೆತ್ತಗೆ, ಗುದ್ದಿದಾಗ ಬೆನ್ನಿಡೀ ಪೆಟ್ಟು ಹಂಚಿಕೊಳ್ಳಬೇಕು...

"ನಿನ್ನನ್ನು ನಾನು ಮಡಿಲಲ್ಲಿ ಕೂರಿಸಿಕೊಂಡೇ ಜೀಪಲ್ಲಿ ತಂದದ್ದು" ಎಂದು ಅವಳು ಮಗನಿಗೆ ಹೇಳಿದಳು. "ಪುತ್ತೂರಿನವರೆಗೆ ಕೊಡು, ಆಮೇಲೆ ಕಟ್ಟಿಕೋ."

"ಕೊಡುವುದಿಲ್ಲ. ನೀನೂ ಬೆಲ್ಟ್ ಹಾಕು, ಇಲ್ಲದಿದ್ದರೆ ಹೊರಡುವುದಿಲ್ಲ."

"ಸೀರೆ ಮುದ್ದೆಯಾಗುತ್ತದೆ."

2022ರಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ದುಬಾರಿ ಜರ್ಮನ್ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಸತ್ತದ್ದನ್ನು ಅವನು ಹೇಳಿದ. ಅಕ್ಕ ಮುಖ ಊದಿಸಿಕೊಂಡು ಹಾಕಿಕೊಂಡಳು. ಹೊರಡಬೇಕು, ಅಷ್ಟರಲ್ಲಿ ಹುಡುಗ ಮುಂದಿನ ಸೀಟಿನ ಕಡೆ ಬಗ್ಗಿ ನೋಡಿದ. ಭಾವ ಬೀಪ್ ಶಬ್ದ ನಿಲ್ಲಲೆಂದು ಬೆಲ್ಟನ್ನು ಬೆನ್ನಿನ ಹಿಂದಿನಿಂದ ತಂದು ಕೊಂಡಿಗೆ ಸಿಕ್ಕಿಸಿ, ಅದರ ಮೇಲೆ ಒರಗಿ, ಆರಾಮಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಅಪ್ಪ, ಏಳಿ."

"ಹೊರಡು ಮಾರಾಯ, ಹೊತ್ತಾಯ್ತು."

"ಏಳಿ ಅಂದೆ."

ಭಾವ ಬೈಯುತ್ತ ಎದ್ದು, ಬಿಚ್ಚಿ, ಸರಿಯಾಗಿ ಹಾಕಿಕೊಂಡ. ಎಲೆ ಕೆಳಗೆ ಬಿದ್ದು ಸುಣ್ಣ ಸೀಟಿಗೆ ಹತ್ತಿತು, ಅದಕ್ಕೆ ಇನ್ನೊಂದು ಜಗಳ. ಪೆರುವಾಜೆ ದಾಟುವಾಗ ಮಗು ಅಳಲು ಶುರು ಮಾಡಿತು, ಪುತ್ತೂರಿನವರೆಗೂ ಅತ್ತಿತು.