ಕ್ರೋನಸ್ ನುಂಗಿದ ಕಲ್ಲು

ಪ್ರಾಚೀನ ಗ್ರೀಕರೆಂದರೆ ಅಮೃತಶಿಲೆಯ ಮೂರ್ತಿಗಳು ಎಲ್ಲರ ಕಣ್ಣಿಗೂ ಕಟ್ಟುತ್ತವೆ. ನನಗೆ ಅವರ ಬೋಳು ಕಲ್ಲುಗಳ ಮೇಲೇ ಪ್ರೀತಿ ಹೆಚ್ಚು.

ಡೆಲ್ಫಿಯಲ್ಲಿ ಅಂಥದೊಂದಿತ್ತು. ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಿದ್ದ ಕ್ರೋನಸ್‌ನ ಕೈಗೆ ಹೆಂಡತಿ ರಿಯಾ ಕೂಸಿನ ಬದಲು ಬಟ್ಟೆ ಸುತ್ತಿದ ಕಲ್ಲನ್ನಿಟ್ಟಳು. ಅವನು ಅದನ್ನೇ ನುಂಗಿದ, ಕೂಸು ಜ್ಯೂಸ್ ಬದುಕಿದ. ಮುಂದೆ ಕ್ರೋನಸ್ ಕಕ್ಕಿದಾಗ ಮೊದಲು ಹೊರಬಿದ್ದದ್ದು ಆ ಕಲ್ಲು. ಜ್ಯೂಸ್ ಅದನ್ನು ಪಾರ್ನಸಸ್ ಬೆಟ್ಟದ ತಪ್ಪಲಲ್ಲಿ ನೆಟ್ಟನೆಂದು ಹೆಸಿಯಡ್ ಕವಿ ಹೇಳುತ್ತಾನೆ. ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸೇನಿಯಸ್ ಅಲ್ಲಿ ಕಂಡದ್ದು ಅಷ್ಟೇನೂ ದೊಡ್ಡದಲ್ಲದ ಕಲ್ಲು. ಅದಕ್ಕೆ ದಿನಾ ಎಣ್ಣೆ ಎರೆಯುತ್ತಿದ್ದರು, ಹಬ್ಬ ಬಂದರೆ ಇನ್ನೂ ನೂಲದ ಉಣ್ಣೆ ಹೊದಿಸುತ್ತಿದ್ದರು. ಡೆಲ್ಫಿಯಲ್ಲಿ ಭೂಮಿಯ ಹೊಕ್ಕುಳೆನಿಸಿಕೊಂಡ ಇನ್ನೊಂದು ಕಲ್ಲಿಗೇ ಹೆಸರು ಹೆಚ್ಚು, ನಿಜ. ಆದರೆ ಒಬ್ಬ ತಾಯಿಯ ಸಂಕಟಕ್ಕೆ ಒದಗಿಬಂದ ಕಲ್ಲು ಇದು. ಇದಕ್ಕೆ ಎಣ್ಣೆ ಎರೆದ ಕೈಗಳ ಮೇಲೆ ನನಗೆ ಗೌರವ.

ಪೌಸೇನಿಯಸ್‌ನ ಜತೆ ಹೊರಟರೆ ಇಂಥ ಕಲ್ಲುಗಳು ಸಿಗುತ್ತಲೇ ಹೋಗುತ್ತವೆ. ಅಕಾಯಾ ಸೀಮೆಯ ಫಾರೆ ಊರಿನ ಸಂತೆಮಾಳದಲ್ಲಿ ಸುಮಾರು 30 ಚೌಕ ಕಲ್ಲುಗಳು, ಒಂದೊಂದಕ್ಕೂ ಒಂದೊಂದು ದೇವರ ಹೆಸರು. ಪಕ್ಕದಲ್ಲೇ ಗಡ್ಡದ ಹರ್ಮೀಸ್ ದೇವರ ಮೂರ್ತಿ. ಕಷ್ಟವಿದ್ದವರು ಸಂಜೆ ಬಂದು ಧೂಪ ಹಾಕಿ, ಕಂಚಿನ ದೀಪಗಳಿಗೆ ಎಣ್ಣೆ ತುಂಬಿ ಹಚ್ಚಿ, ಕಾಸೊಂದನ್ನಿಟ್ಟು ಹರ್ಮೀಸ್‌ನ ಕಿವಿಯಲ್ಲಿ ಪ್ರಶ್ನೆ ಹೇಳುವರು. ಆಮೇಲೆ ತಮ್ಮ ಕಿವಿ ಮುಚ್ಚಿಕೊಂಡು ಸಂತೆಮಾಳ ದಾಟುವರು. ಹೊರಗೆ ಕೈ ತೆಗೆದಾಗ ಮೊದಲು ಕಿವಿಗೆ ಬಿದ್ದ ಮಾತೇ ದೇವರ ಉತ್ತರ. ದಾರಿಹೋಕರ ಮಾತಿಗೂ ಇಷ್ಟು ಬೆಲೆ ಕೊಟ್ಟ ಪೂಜೆ ಇನ್ನೆಲ್ಲಿದೆ!

ಕವಲುದಾರಿಯ ಕಲ್ಲಿಗೆ ಎಣ್ಣೆ ಎರೆದು ಮಂಡಿಯೂರುವವನನ್ನು ಥಿಯೊಫ್ರಾಸ್ಟಸ್ ಮೂಢನೆಂದು ಚಿತ್ರಿಸಿದ. ಅರಿಸ್ಟಾಟಲ್‌ನ ಶಿಷ್ಯ, ದೊಡ್ಡ ವಿದ್ವಾಂಸ. ಆದರೂ ಈ ಮಾತಿನಲ್ಲಿ ನಾನು ಅವನ ಕಡೆಗಿಲ್ಲ. ಕಲೆ ಗೊತ್ತಿಲ್ಲದವರು ಕಲ್ಲಿಗೆ ಕೈಮುಗಿದರು ಎನ್ನೋಣವೆಂದರೆ ಥೆಸ್ಪಿಯೆ ಊರು ಎದುರಿಗಿದೆ. ಪ್ರಾಕ್ಸಿಟೆಲಿಸ್‌ನಂಥ ಶಿಲ್ಪಿ ಅಲ್ಲಿಗೆ ಪ್ರೇಮದೇವತೆ ಈರೋಸ್‌ನ ಮೂರ್ತಿ ಮಾಡಿಕೊಟ್ಟಿದ್ದ. ಅದನ್ನು ರೋಮನ್ ಚಕ್ರವರ್ತಿ ಕಲಿಗುಲ ರೋಮ್‌ಗೆ ಒಯ್ದ, ಮುಂದಿನ ಚಕ್ರವರ್ತಿ ಕ್ಲಾಡಿಯಸ್ ಮರಳಿಸಿದ, ಅವನ ನಂತರದ ನೀರೊ ಮತ್ತೆ ಹೊತ್ತೊಯ್ದ. ಕಡೆಗೆ ಅದು ರೋಮ್‌ನಲ್ಲೇ ಬೆಂಕಿಗೆ ಆಹುತಿಯಾಯಿತು. ಇಷ್ಟನ್ನು ಬರೆದ ಪೌಸೇನಿಯಸ್‌ನೇ, ಆ ಊರವರ ಪಾಲಿಗೆ ಈರೋಸ್‌ನ ಅತ್ಯಂತ ಹಳೆಯ ವಿಗ್ರಹವೆಂದರೆ ಉಳಿ ಮುಟ್ಟದ ಒಂದು ಕಲ್ಲು ಎನ್ನುತ್ತಾನೆ.