ಹೊದಿಕೆಯ ಮೇಲಿನ ಸೂರ್ಯ

ನನ್ನ ತಂಗಿಯ ಮಗಳು ಊರಿಗೆ ಬಂದಾಗ ನನಗೊಂದು ದಿನಚರಿಯ ಪುಸ್ತಕವನ್ನು ತಂದುಕೊಟ್ಟಳು. ಒಳಗೆಲ್ಲ ಬರಿಯ ಹಾಳೆಗಳು. ಹೊದಿಕೆಯ ಮೇಲೆ ಕ್ಲೋದ್ ಮೊನೆಯ ‘ಇಂಪ್ರೆಷನ್, ಸೂರ್ಯೋದಯ’ ಎಂಬ ಚಿತ್ರ. ಮಂಜು ಕವಿದ ಬಂದರು, ನೀಲಿಯೋ ಬೂದಿಯೋ ಎಂದು ಹೇಳಲಾಗದ ನೀರು, ಸಣ್ಣ ದೋಣಿಗಳು, ಮೇಲೆ ಕಿತ್ತಳೆಯ ಬಣ್ಣದ ಬೊಟ್ಟಿನಂತಹ ಸೂರ್ಯ. ಇಂತಹ ಪುಸ್ತಕದಲ್ಲಿ ಹಾಲಿನ ಲೆಕ್ಕವನ್ನು ಬರೆಯುವುದೆಂತು? ಒಳಗಿನ ಮಾತು ಹೊದಿಕೆಗೆ ತಕ್ಕುದಾಗಿರಬೇಡವೆ? ಹೀಗೆಂದುಕೊಂಡು ಅದನ್ನು ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿಯೇ ಇಟ್ಟೆನು.

ಆ ಚಿತ್ರದ ಕಥೆಯನ್ನು ಓದಿದ ಮೇಲೆ ನನ್ನ ಅಳುಕು ಕೊಂಚ ಕಡಮೆಯಾಯಿತು. ಮೊನೆ ಅದನ್ನು 1872ರಲ್ಲಿ ಫ್ರಾನ್ಸಿನ ಲ ಹಾವ್ರ್ ಬಂದರನ್ನು ನೋಡಿ ಬರೆದನು. 1874ರಲ್ಲಿ ಅವನೂ ಅವನ ಗೆಳೆಯರೂ ಪ್ಯಾರಿಸಿನಲ್ಲಿ, ನಾದಾರ್ ಎಂಬ ಛಾಯಾಗ್ರಾಹಕನ ಹಿಂದಿನ ಕಾರ್ಯಶಾಲೆಯಲ್ಲಿ, ತಮ್ಮದೇ ಪ್ರದರ್ಶನವೊಂದನ್ನು ಏರ್ಪಡಿಸಿದರು. ಪಟ್ಟಿಗೆ ಹೆಸರು ಬೇಕೆಂದು ಕೇಳಿದಾಗ ಮೊನೆ, ಇದು ಬಂದರಿನ ಯಥಾವತ್ತಾದ ನೋಟವಲ್ಲವಾದುದರಿಂದ ‘ಇಂಪ್ರೆಷನ್’ ಎಂದನು; ಎಂದರೆ, ಮನಸ್ಸಿನ ಮೇಲೆ ಬಿದ್ದ ಮುದ್ರೆ. ಲೂಯಿ ಲೆರ್ವಾ ಎಂಬ ವಿಮರ್ಶಕನು ಆ ಮಾತನ್ನೇ ಹಿಡಿದು, ಚಿತ್ರವು ಅರ್ಧಕ್ಕೆ ನಿಂತ ಕೆಲಸವೆಂದು ಪತ್ರಿಕೆಯಲ್ಲಿ ಗೇಲಿಮಾಡಿದನು. ಗೇಲಿಯ ಹೆಸರೇ ಆ ಪಂಥಕ್ಕೆ ಶಾಶ್ವತವಾಗಿ ನಿಂತಿತು. ಅಪೂರ್ಣವೆನಿಸಿಕೊಂಡ ಚಿತ್ರವೇ ಹೊದಿಕೆಯಾಗಿರುವಾಗ ಒಳಗಿನ ಬರಹವು ಅಪೂರ್ಣವಾದರೆ ತಪ್ಪೇನು?

ಹೀಗೆ ಧೈರ್ಯ ತಂದುಕೊಂಡು ಬರೆಯತೊಡಗಿದೆನು. ಆ ಕಾಲಕ್ಕೇ ನಮ್ಮ ತಾಯಿಯವರು ಹಾಸಿಗೆ ಹಿಡಿದರು. ಜ್ವರ ಎಷ್ಟು, ಔಷಧ ಯಾವ ಗಂಟೆಗೆ, ವೈದ್ಯರು ಏನೆಂದರು ಎಂಬುದರಿಂದಲೇ ಪುಟಗಳು ತುಂಬಿದವು. ಅವರು ತೀರಿಕೊಳ್ಳುವುದಕ್ಕೆ ಎರಡು ದಿನ ಮುಂಚೆ, ಬೆಳಗಿನ ಹೊತ್ತು, ಕಿಟಕಿಯ ಬೆಳಕು ಅವರ ಕೆನ್ನೆಯ ಮೇಲೆ ಬಿದ್ದಿತು. ‘ಹಳೆಯ ದಂತದ ಬಣ್ಣ, ಕಿವಿಯ ಬಳಿ ಮಾತ್ರ ನಸುನೀಲಿ’ ಎಂದು ಬರೆದೆನು. ಬರೆದೊಡನೆಯೇ ನಾಚಿಕೆಯಾಯಿತು. ತಾಯಿ ಸಾಯುತ್ತಿರುವಾಗ ಮಗನಾದವನು ಬಣ್ಣ ನೋಡುತ್ತ ಕುಳಿತಿರುವನೆ? ಆ ಹಾಳೆಯನ್ನು ಒಳಕ್ಕೆ ಮಡಿಸಿ ಪುಸ್ತಕವನ್ನು ಮುಚ್ಚಿಟ್ಟೆನು.

ಮೊನೆಯೂ ಇದೇ ತಳಮಳವನ್ನು ಅನುಭವಿಸಿದವನೆಂದು ನನಗೆ ಬಳಿಕ ತಿಳಿಯಿತು. 1879ರ ಸೆಪ್ಟೆಂಬರ್ 5ರಂದು ಅವನ ಹೆಂಡತಿ ಕಮೀಲ್ ತನ್ನ 32ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಬಳಿಯಲ್ಲಿ ಕುಳಿತ ಅವನು, ಸಾವು ಅವಳ ಮುಖದ ಮೇಲೆ ತರುತ್ತಿದ್ದ ನೀಲಿ, ಹಳದಿ, ಬೂದು ಬಣ್ಣಗಳನ್ನು ತನಗರಿವಿಲ್ಲದೆಯೇ ಗುರುತಿಸುತ್ತಿದ್ದನಂತೆ. ಬಹುಕಾಲದ ಮೇಲೆ ಗೆಳೆಯನಾದ ಕ್ಲೆಮಾನ್ಸೋವಿನೊಡನೆ ಇದನ್ನು ಹೇಳಿಕೊಂಡನು. ಆಗ ಬರೆದ ಅವಳ ಚಿತ್ರ ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿದೆ.

ಸೂರ್ಯೋದಯದ ಚಿತ್ರದಲ್ಲಿ ಒಂದು ವಿಚಿತ್ರವುಂಟು. ಆ ಸೂರ್ಯನ ಕಾಂತಿಯೂ ಸುತ್ತಣ ಆಕಾಶದ ಕಾಂತಿಯೂ ಹೆಚ್ಚುಕಡಮೆ ಒಂದೇ. ಬೇರೆಯಾಗಿರುವುದು ಬಣ್ಣ ಮಾತ್ರ. ಆದಕಾರಣ ಕಪ್ಪುಬಿಳುಪಿನ ನಕಲಿನಲ್ಲಿ ಸೂರ್ಯನು ಬಹುಮಟ್ಟಿಗೆ ಅಳಿಸಿಹೋಗುವನು. ದೋಣಿ ಇರುವುದು, ಬಂದರು ಇರುವುದು, ಉದಯ ಇರದು.

ತಾಯಿಯವರ ವರ್ಷಾಬ್ದಿಕದ ಹಿಂದಿನ ದಿನ ಆ ದಿನಚರಿಯನ್ನು ಮತ್ತೆ ತೆರೆದೆನು. ಜ್ವರದ ಅಂಕಿಗಳಿದ್ದವು, ಔಷಧದ ಗಂಟೆಗಳಿದ್ದವು, ಒಂದೂ ತಪ್ಪಿರಲಿಲ್ಲ. ತಾಯಿ ಮಾತ್ರ ಅವುಗಳಲ್ಲಿ ಎಲ್ಲಿಯೂ ಸಿಕ್ಕಲಿಲ್ಲ. ಮಡಿಸಿದ ಹಾಳೆಯನ್ನು ಬಿಡಿಸಿದೆನು. ಅಲ್ಲಿ ಅವರಿದ್ದರು.

ನಾಚಿಕೆ ಪೂರ್ತಿಯಾಗಿ ಹೋಯಿತೆಂದು ಹೇಳಲಾರೆ. ಆದರೆ ಹಾಳೆಯನ್ನು ಮತ್ತೆ ಮಡಿಸಲಿಲ್ಲ. ಹಾಲಿನ ಲೆಕ್ಕವನ್ನೂ ಈಗ ಅದರಲ್ಲಿಯೇ ಬರೆಯುತ್ತೇನೆ. ಹಾಲು ತಂದವನ ಕೈಯ ಮೇಲೆ ಬೆಳಗಿನ ಬಿಸಿಲು ಬಿದ್ದಿದ್ದರೆ ಅದನ್ನೂ.